ಉಳಿದ ಒಂದು ಬೀಜ

ಇಂದೂ ಚಹದ ಚಮಚದಿಂದ ಟೊಮೇಟೊ ಬೀಜ ಹಂಚುತ್ತಿದ್ದಳು. ಈ ಪೊಟ್ಟಣಕ್ಕೆ ಒಂದು ಚಮಚ, ಆ ಪೊಟ್ಟಣಕ್ಕೆ ಒಂದು ಚಮಚ. ಕೊನೆಗೆ ಒಂದೊಂದೇ ಎಣಿಸಿದಳು. ಒಂದು ಬೀಜ ಹೆಚ್ಚಾಯಿತು. ಅದನ್ನು ಪೆನ್ಸಿಲ್ ಡಬ್ಬಿಗೆ ಹಾಕಿಕೊಂಡಳು.

ಅಪ್ಪ ಪಂಢರಿನಾಥ ಧಾರವಾಡದಿಂದ ಪುಣೆಯ ಸರಕಾರಿ ತೋಟಕ್ಕೆ ಬಂದು ಆರು ವರ್ಷವಾಗಿತ್ತು. ಆರೂ ವರ್ಷ ಒಂದೇ ಕೆಲಸ. ಎರಡು ಸಾಲು ಗಿಡ. ಎಲೆ, ಹೂವು, ಹಣ್ಣು ಎಲ್ಲ ಒಂದೇ ತರಹ. ಒಂದರ ಸಸಿಗೆ ದಂಟು ನೇರಳೆ, ಇನ್ನೊಂದರದು ಹಸಿರು. ಬೇರೆ ಯಾವ ವ್ಯತ್ಯಾಸವೂ ಉಳಿಯಬಾರದೆಂದು ಅಪ್ಪ ವರ್ಷ ವರ್ಷ ಪರಾಗ ಮುಟ್ಟಿಸಿ, ಬೇರೆ ಪರಾಗ ಸೋಕದಂತೆ ಹೂವುಗಳಿಗೆ ಕಾಗದದ ಟೋಪಿ ಕಟ್ಟುತ್ತಿದ್ದರು.

ಆ ಎರಡು ಸಾಲಿನ ಬೀಜ ಹಿಂದಿನ ದಿನ ಮಾಳಿಗೆಯ ಮೇಲೆ ಎರಡು ತಾಟಿನಲ್ಲಿ ಒಣಗುತ್ತಿದ್ದವು. ಮಳೆ ಬಂತು. ಇಂದೂಗೆ ಇದ್ದದ್ದು ಎರಡೇ ಕೈ, ಕೊಡೆಯನ್ನೂ ಹಿಡಿಯಬೇಕಿತ್ತು. ಎರಡನ್ನೂ ಒಂದೇ ತಾಟಿಗೆ ಸುರಿದುಕೊಂಡು ಓಡಿ ಬಂದಳು. ಬೀಜವೂ ನೋಡಲು ಒಂದೇ ತರಹ ಇದ್ದವಲ್ಲ.

ಆ ಪೊಟ್ಟಣಗಳ ಬೀಜ ಬಿತ್ತಿದ ಹತ್ತನೇ ದಿನ ಅಪ್ಪ ಊಟಕ್ಕೆ ಕೂತರು, ಭಕ್ರಿ ಮುರಿಯಲಿಲ್ಲ. ಎರಡೂ ಮಡಿಗಳಲ್ಲಿ ನೇರಳೆ, ಹಸಿರು ಕೂಡಿಯೇ ಎದ್ದಿವೆ ಎಂದು ಅವ್ವನಿಗೆ ಹೇಳಿದರು. ತಾವು ಟೋಪಿ ಸರಿಯಾಗಿ ಕಟ್ಟಿರಲಿಕ್ಕಿಲ್ಲ. ನಾಳೆ ಎಲ್ಲ ಕಿತ್ತುಹಾಕಿ ಮೊದಲಿನಿಂದ ಶುರು ಮಾಡುವುದಾಗಿ ಸಾಹೇಬರಿಗೆ ಬರೆಯಬೇಕು ಎಂದರು. ಅಪ್ಪನ ದನಿ ಸಣ್ಣಗಾಗಿತ್ತು. ಇಂದೂಗೆ ಅಳು ಬಂತು.

"ಅಪ್ಪಾ, ಬೀಜ ನಾನ ಕೂಡಿಸೇನಿ. ಮಳಿ ಬಂತು. ಆಮ್ಯಾಲೆ ಚಮಚದಿಂದ ಸಮಾ ಹಂಚಿದೆ."

ಅಪ್ಪ ಅವಳ ಕಡೆ ತಿರುಗಿದರು. "ಬರೇ ನೀ ಕೂಡಿಸಿದ್ದೇನು?"

"ಹೌದ್ರಿ."

"ಹಂಗಾದ್ರ ತಳಿ ಕೆಟ್ಟಿಲ್ಲ. ದಂಟು ನೋಡಿ ಬ್ಯಾರೆ ಮಾಡಬಹುದು," ಎಂದು ಅಪ್ಪ ಭಕ್ರಿ ಮುರಿದರು. ಇನ್ನೊಂದು ಹಾಕಿಸಿಕೊಂಡರು. ಬೈಗುಳ ಮೂರನೇ ಭಕ್ರಿ ಮುಗಿದ ಮೇಲೆ ಬಂತು.

ಭಾನುವಾರವಿಡೀ ಇಂದೂ ತೋಟದಲ್ಲಿ ಕುಕ್ಕರಗಾಲಲ್ಲಿ ಕೂತು ಸಸಿ ಬೇರೆ ಮಾಡಿದಳು. ನೇರಳೆ ದಂಟು ಆ ಕಡೆ, ಹಸಿರು ಈ ಕಡೆ. ಪೆನ್ಸಿಲ್ ಡಬ್ಬಿಯ ಬೀಜವನ್ನು ಅಪ್ಪ, ಮಗಳು ಕೂಡಿ ಒಡಕು ಕುಂಡದಲ್ಲಿ ಊರಿದರು.

ಎಂಟನೇ ದಿನ ಅದು ಕತ್ತು ಬಗ್ಗಿಸಿಕೊಂಡು ಮೇಲೆದ್ದಿತು. ಅಪ್ಪ ಚೀಟಿ, ಪೆನ್ನು ಹಿಡಿದು ಬಂದರು.

"ಯಾವ ಸಾಲಿಗೆ ಬರೀಲಿ?"

ಇಂದೂ ಕುಂಡದ ಮಣ್ಣಿಗೆ ಮೂಗು ತಾಗಿಸಿ ನೋಡಿದಳು. ಬಣ್ಣ ಇನ್ನೂ ಬಿಳಿಚಿಕೊಂಡಿತ್ತು. ಹಸಿರು ಎಂದುಬಿಟ್ಟರೆ ಆಟಕ್ಕೆ ಹೋಗಬಹುದಿತ್ತು.

"ಇನ್ನೂ ತಿಳಿವಲ್ದು ಅಪ್ಪಾ. ನಾಳೆ ನೋಡಿ ಹೇಳ್ತೀನಿ."

ಅಪ್ಪ ಏನೂ ಬರೆಯದೆ ಪೆನ್ನಿನ ಮುಚ್ಚಳ ಹಾಕಿ, ಚೀಟಿಯನ್ನು ಅವಳ ಕೈಗೇ ಕೊಟ್ಟರು.