ಒಳಗೆ ಬೆಂದಿಲ್ಲ

ಮುಖಕ್ಕೆ ವೆಲ್ಡಿಂಗ್ ಮಾಸ್ಕ್ ಹಾಕಿಕೊಂಡಿದ್ದೆ, ಅದಕ್ಕೇ ಅವನು ಬದುಕಿಕೊಂಡ. ಇಲ್ಲದಿದ್ದರೆ ನನ್ನ ಕಣ್ಣು ನೋಡಿಯೇ ಬಾಗಿಲಿನಿಂದ ವಾಪಸ್ ಓಡಿಬಿಡುತ್ತಿದ್ದ.

"ಯಾರಾದ್ರೂ ಇದ್ದೀರಾ?" ಎಂದ.

ಅದೇ ದನಿ. ಒಂದು ವರ್ಷದಿಂದ ನನ್ನ ತಲೆಯೊಳಗೆ ಕೂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ ದನಿ. ರಾಡ್ ಕೆಳಗಿಟ್ಟೆ. ಮಾಸ್ಕ್ ತೆಗೆದೆ. ಅವನು ಒಂದು ಕೈಯಿಂದ ತಲೆಗೂದಲನ್ನು ಸರಿ ಮಾಡಿಕೊಂಡ. ಹಾಳಾದ್ದು, ಆ ಕೂದಲು ಈಗಲೂ ಹಣೆಯ ಮೇಲೆ ಹಾಗೇ ಬೀಳುತ್ತಿತ್ತು.

"ನಾಡಿದ್ದು ದೊಡ್ಡ ಊಟ ಒಪ್ಕೊಂಡಿದ್ದೀನಿ. ಸ್ಮೋಕರಿನ ಬಿಸಿ ತೋರಿಸೋ ಮೀಟರ್ ಕೈ ಕೊಟ್ಟಿದೆ," ಎಂದ.

"ಕೈ ಕೊಡೋದು ಮೀಟರ್ ಒಂದೇ ಅಲ್ಲ ಬಿಡಿ."

ಅವನಿಗೆ ಅರ್ಥವಾಯಿತೋ ಇಲ್ಲವೋ, ತಲೆ ತಗ್ಗಿಸಿ ಸಣ್ಣಗೆ ನಕ್ಕ. ಅಂಗೈಯಗಲದ ಮೀಟರನ್ನು ನನ್ನ ಮೇಜಿನ ಮೇಲಿಟ್ಟ.

"ಪೇಟೇಲಿ ಬೇರೆ ಅಂಗಡಿ ಇರ್ಲಿಲ್ವಾ?" ಎಂದೆ.

"ಇತ್ತು. ಅಲ್ಲಿ ನೀವಿರ್ಲಿಲ್ಲ."

ಇಂಥ ಮಾತಿಗೆ ಕರಗುವ ಹುಡುಗಿ ಬೇರೆ. ನಾನು ಕಬ್ಬಿಣದ ಕೆಲಸದವಳು.

ಕಥೆ ಇಷ್ಟೇ. ಹಳೇ ಎಣ್ಣೆ ಡ್ರಮ್ಮುಗಳನ್ನು ಕತ್ತರಿಸಿ, ಕೆಂಡದ ಹೊಗೆಯಲ್ಲಿ ಬೇಯಿಸುವ ಬಾರ್ಬೆಕ್ಯೂ ಸ್ಮೋಕರ್ ಮಾಡುವುದು ನನ್ನ ಕಸುಬು. ಕಳೆದ ವರ್ಷ ನಾನು ಮಾಡಿದ ಮೊದಲ ಡ್ರಮ್ಮನ್ನು ಅಣ್ಣನ ಮನೆಯ ಹಿತ್ತಲಲ್ಲಿಟ್ಟು, ಅದರಲ್ಲಿ ಆಲೂಗಡ್ಡೆ ಸುಟ್ಟು ಎಲ್ಲರಿಗೂ ಹಂಚಿದ್ದೆ. ಅವತ್ತೇ ನಮ್ಮ ದೊಡ್ಡಮ್ಮ ಇವನನ್ನೂ ಕರೆಸಿದ್ದರು. ಹುಡುಗ ಅಡುಗೆಯವನು, ಕೈರುಚಿ ಚೆನ್ನಾಗಿದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಲಿ ಎಂದು. ಇಡೀ ಮಧ್ಯಾಹ್ನ ಅವನು ನನ್ನ ಡ್ರಮ್ಮಿನ ಸುತ್ತಲೇ ಸುಳಿದ. ಹೊಗೆ ಕಣ್ಣಿಗೆ ಹೊಡೆದಾಗ ತನ್ನ ಕರ್ಚೀಫು ಕೊಟ್ಟ. ನಾನು ಆಗಲೇ ಒಳಗೊಳಗೇ ಒಪ್ಪಿಕೊಂಡಾಗಿತ್ತು, ಯಾಕೆ ಸುಳ್ಳು ಹೇಳಲಿ.

ಸಂಜೆ ದೊಡ್ಡಮ್ಮ ಅವನನ್ನು ಪಕ್ಕಕ್ಕೆ ಕರೆದು ಅಭಿಪ್ರಾಯ ಕೇಳಿದರು. ಅವನು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಹೇಳಿದನಂತೆ: "ಹೊರಗೆ ನೋಡೋಕೆ ಚೆನ್ನಾಗಿದೆ. ಒಳಗೆ ಬೆಂದಿಲ್ಲ."

ದೊಡ್ಡಮ್ಮ ಕೆಂಡವಾದರು. ಆ ಮಾತನ್ನು ಅತ್ತಿಗೆಗೆ ಹೇಳಿದರು, ಅತ್ತಿಗೆ ತನ್ನ ತಂಗಿಗೆ ಹೇಳಿದಳು, ವಾರ ಕಳೆಯುವುದರೊಳಗೆ ನನ್ನ ಹೆಸರೇ 'ಬೇಯದ ಗಡ್ಡೆ' ಆಗಿಹೋಯಿತು. ಅಣ್ಣನ ಪುಟ್ಟ ಮಗಳು ಕೂಡ "ಗಡ್ಡೆ ಅತ್ತೆ" ಎಂದು ಕರೆಯುತ್ತಾಳೆ. ಮಗುವಿಗೆ ಬೈಯುವುದಕ್ಕಾಗುತ್ತದೆಯೇ? ಆ ಸಿಟ್ಟನ್ನೂ ಇವನ ಲೆಕ್ಕಕ್ಕೇ ಸೇರಿಸಿಟ್ಟಿದ್ದೆ.

"ಯಾರ ಮನೆ ಊಟ?" ಎಂದು ಕೇಳಿದೆ.

"ಆಸ್ಪತ್ರೆಯ ಹೆಡ್ ಸಿಸ್ಟರ್ ರಿಟೈರ್ ಆಗ್ತಿದ್ದಾರಲ್ಲ. ನಿಮ್ಮ ದೊಡ್ಡಮ್ಮ." ಅವನ ದನಿ ಸ್ವಲ್ಪ ಇಳಿಯಿತು. "ಅವರ ಜೊತೆ ಕೆಲಸ ಮಾಡೋರು ನನ್ನ ಹಿಡಿದ್ರು. ಅಡುಗೆ ನಂದು ಅಂತ ಅವರಿಗೆ ಇನ್ನೂ ಹೇಳಿಲ್ಲವಂತೆ, ಗೊತ್ತಾದ್ರೆ ಬೇಡ ಅಂತಾರೇನೋ. ಇದು ಚೆನ್ನಾಗಾದ್ರೆ ಆಸ್ಪತ್ರೆ ಕ್ಯಾಂಟೀನು ನಂಗೆ. ಕೆಟ್ರೆ ಇಲ್ಲಿ ಇನ್ನು ಯಾರೂ ಕರೆಯಲ್ಲ. ಗಂಟುಮೂಟೆ ಕಟ್ಟಬೇಕು."

"ಏನು ಮಾಡ್ತಿದ್ದೀರಾ?"

"ಇಡೀ ಆಲೂಗಡ್ಡೆ. ಹೊಗೇಲಿ ಬೇಯಿಸಿ, ಸೀಳಿ, ಬೆಣ್ಣೆ ಹಾಕಿ." ನನ್ನ ಮುಖ ನೋಡದೆ ಸೇರಿಸಿದ, "ಹೋದ ವರ್ಷ ನಿಮ್ಮ ಹತ್ರ ತಿಂದಿದ್ನಲ್ಲ, ಆವತ್ತಿಂದ ತಲೇಲಿ ಕೂತಿದೆ."

ನನ್ನ ಹೆಸರು ಕೆಡಿಸಿದ ಗಡ್ಡೆಯಿಂದಲೇ ಇವನು ಹೆಸರು ಮಾಡುತ್ತಾನಂತೆ! ಆ ಕ್ಷಣದಲ್ಲೇ ನನಗೆ ಹಾದಿ ಹೊಳೆಯಿತು. ಬೇಯದ ಗಡ್ಡೆ ಎಂದರೆ ಏನು ಎಂದು ಆಸ್ಪತ್ರೆಯವರೆಲ್ಲರ ಮುಂದೆ ಇವನಿಗೆ ತೋರಿಸಬೇಕು. ಊರೆಲ್ಲ ಡಂಗುರ ಸಾರಿದ ದೊಡ್ಡಮ್ಮನಿಗೂ ಅದೇ ಬೆಂಕಿಯಲ್ಲಿ ಬಿಸಿ ಮುಟ್ಟಿಸಬೇಕು.

"ನಾಳೆ ಬನ್ನಿ," ಎಂದೆ, ಸಕ್ಕರೆಯಂಥ ದನಿಯಲ್ಲಿ.

ಮೀಟರಿನ ಬೆನ್ನಿಗೆ ಒಂದು ನಟ್ಟು ಇರುತ್ತದೆ. ಅದನ್ನು ಒಂಚೂರು ತಿರುಗಿಸಿದರೆ ಮುಂಭಾಗದ ಮುಳ್ಳು ಸುಳ್ಳು ಹೇಳಲು ಶುರು ಮಾಡುತ್ತದೆ. ಡ್ರಮ್ಮು ಬರೀ ಬೆಚ್ಚಗಿದ್ದರೂ ಕಾದಿದೆ ಎನ್ನುತ್ತದೆ. ಕೆಟ್ಟಿದ್ದ ಸ್ಪ್ರಿಂಗನ್ನು ಸರಿ ಮಾಡಿದೆ, ಗಾಜು ಫಳಫಳ ಒರೆಸಿದೆ, ಕೊನೆಗೆ ನಟ್ಟು ತಿರುಗಿಸಿದೆ. ಹಾಡು ಕೂಡ ಗುನುಗಿಕೊಂಡೆ.

ಮಾರನೆಯ ದಿನ ಅವನು ಮೀಟರ್ ತೆಗೆದುಕೊಂಡು ಹೋಗುವಾಗ ಬಾಗಿಲಲ್ಲಿ ನಿಂತ. "ಬರ್ತೀರಲ್ವಾ ಊಟಕ್ಕೆ?"

"ತಪ್ಪಿಸ್ಕೋತೀನಾ? ಒಂದು ವರ್ಷದಿಂದ ಕಾಯ್ತಿದ್ದೀನಿ."

ಅವನ ಕಿವಿ ಕೆಂಪಾಯಿತು. ಪಾಪ, ಬೇರೆಯೇ ಅರ್ಥ ಮಾಡಿಕೊಂಡ.

ಊಟ ಆಸ್ಪತ್ರೆಯ ಹಿಂದಿನ ಹುಲ್ಲಿನ ಅಂಗಳದಲ್ಲಿ. ಬಿಳಿ ಬಟ್ಟೆ ಹಾಸಿದ ಮೇಜುಗಳು, ಡ್ಯೂಟಿ ಬಿಟ್ಟು ಯೂನಿಫಾರ್ಮಿನಲ್ಲೇ ಬಂದ ನರ್ಸುಗಳು, ನೆರಳು ಹುಡುಕುವ ಡಾಕ್ಟರುಗಳು. ಡ್ರಮ್ಮಿನ ಹಿಂದೆ ನಿಂತವನನ್ನು ನೋಡಿ ದೊಡ್ಡಮ್ಮ ಮುಖ ಗಂಟಿಕ್ಕಿಕೊಂಡರು. ಎಲ್ಲರ ಎದುರು ರಂಪ ಮಾಡುವುದು ಅವರ ಜಾಯಮಾನವಲ್ಲ, ಹಾಗಾಗಿ ನನ್ನ ಮೇಲೆ ತೀರಿಸಿಕೊಂಡರು.

"ಇದಕ್ಕೆ ಮೊದಲೇ ಗೊತ್ತಿತ್ತು ನೋಡು, ಹೇಳಲಿಲ್ಲ," ಎಂದು ಪಕ್ಕದವರಿಗೆ ದೂರಿದರು. 'ಇದು' ಎಂದರೆ ನಾನು. ಎತ್ತಿ ಆಡಿಸಿದ ದಿನದಿಂದ ಇವತ್ತಿನವರೆಗೆ ದೊಡ್ಡಮ್ಮನ ಬಾಯಲ್ಲಿ ನಾನು 'ಅದು', 'ಇದು'. ಅದು ಬಂತಾ, ಅದು ಉಂಡಿತಾ, ಇದಕ್ಕೆ ಯಾವಾಗ ಬುದ್ಧಿ ಬರುತ್ತೆ. ಅವರ ಮುದ್ದು ಹಾಗೆ.

ನಾನು ಡ್ರಮ್ಮಿಗೆ ಹತ್ತಿರದ ಕುರ್ಚಿಯನ್ನೇ ಹಿಡಿದೆ. ಅವನು ಗಡ್ಡೆಗಳನ್ನು ತೊಳೆದು ಒಣಬಟ್ಟೆಯಲ್ಲಿ ಒರೆಸುತ್ತಿದ್ದ, ಒಂದೊಂದಕ್ಕೂ ಫೋರ್ಕಿನಿಂದ ಚುಚ್ಚುತ್ತಿದ್ದ, ಎಣ್ಣೆ ಸವರಿ ಕಲ್ಲುಪ್ಪು ಉಜ್ಜುತ್ತಿದ್ದ. ಫಾಯಿಲ್ ಸುತ್ತಲಿಲ್ಲ. ಸುತ್ತಿದರೆ ಸಿಪ್ಪೆ ಒದ್ದೆಯಾಗಿ ಮೆತ್ತಗಾಗುತ್ತದೆ, ಹೊಗೆ ಒಳಗೆ ಇಳಿಯುವುದಿಲ್ಲ. ಹೋದ ವರ್ಷ ನಾನೇ ಹೇಳಿಕೊಟ್ಟ ಮಾತು, ಚಾಚೂತಪ್ಪದೆ ನೆನಪಿಟ್ಟುಕೊಂಡಿದ್ದ.

"ಏನು ಹಾಗೆ ನೋಡ್ತಿದ್ದೀರಾ?" ಎಂದ, ಕೆಂಡವನ್ನು ಒಂದು ಬದಿಗೆ ಎಳೆಯುತ್ತ.

"ನಿಮ್ಮ ಕೈ."

"ಕೈಗೆ ಏನಾಗಿದೆ?"

"ಏನೂ ಇಲ್ಲ. ಉಪ್ಪು ಹಚ್ಚೋದ್ರಲ್ಲಿ ಒಳ್ಳೇ ಪಳಗಿದೆ. ಗಾಯಕ್ಕೂ ಹೀಗೇ ಹಚ್ತೀರೇನೋ."

ಅವನು ತಲೆಯೆತ್ತಿ ನೋಡಿದ. ಹೊಗೆಯ ಆಚೆಯಿಂದ ಬಂದ ಆ ನೋಟ ನನ್ನ ಕಣ್ಣಿನ ಹತ್ತಿರ ನಿಂತಿತು, ಕೆನ್ನೆಗೆ ಅಂಟಿದ ಕೂದಲಿನ ಹತ್ತಿರ ನಿಂತಿತು, ಆಮೇಲೆ ತಾನಾಗಿಯೇ ನಾಚಿ ಕೆಂಡದ ಕಡೆಗೆ ಹೋಯಿತು. ನನ್ನ ಎದೆ ದಡದಡ ಎಂದಿತು. ತೆಪ್ಪಗಿರು ಎಂದು ಗದರಿಕೊಂಡೆ.

ಮುಚ್ಚಳ ಬಿತ್ತು. ಮುಳ್ಳು ಏರಿತು, ನಾನು ಹೇಳಿಕೊಟ್ಟ ಸುಳ್ಳನ್ನು ನೀಟಾಗಿ ಒಪ್ಪಿಸಿತು. ಅವನು ಒಮ್ಮೆ ಮುಚ್ಚಳದ ಮೇಲೆ ಅಂಗೈ ಆಡಿಸಿ ಹುಬ್ಬು ಗಂಟಿಕ್ಕಿದ. ಮೀಟರ್ ನೋಡಿದ. ನನ್ನ ಕಡೆ ತಿರುಗಿ ನೋಡಿದ. ಮತ್ತೆ ಕೆಂಡ ಹಾಕದೆ ಸುಮ್ಮನಾದ. ನಾನು ಕಾಲ ಮೇಲೆ ಕಾಲು ಹಾಕಿಕೊಂಡು ನಿಂಬೆ ಪಾನಕ ಕುಡಿದೆ. ಅಷ್ಟು ರುಚಿಯಾದ ಪಾನಕ ಮತ್ತೆ ಯಾವತ್ತೂ ಸಿಕ್ಕಿಲ್ಲ.

ಊಟದ ಹೊತ್ತಾಯಿತು. ಜನ ಎದ್ದು ಸಾಲುಗಟ್ಟಲು ತಯಾರಾದರು. ಅವನು ಒಂದು ಗಡ್ಡೆ ಹೊರತೆಗೆದು ಚಾಕು ಇಟ್ಟ. ಚಾಕು ಸಿಪ್ಪೆ ದಾಟಿ ಅಲ್ಲೇ ನಿಂತುಬಿಟ್ಟಿತು. ಬಲ ಹಾಕಿ ಎರಡು ಹೋಳು ಮಾಡಿದ. ಒಳಗೆ ಬೆಳ್ಳಗೆ, ಗಟ್ಟಿ. ಇನ್ನೊಂದು ತೆಗೆದ, ಅದೂ ಹಾಗೇ. ಅವನ ಮುಖದ ರಕ್ತ ಇಳಿದುಹೋಗಿದ್ದನ್ನು ನಾನು ಹತ್ತಿರದಿಂದ ಕಂಡೆ. ಈ ಕ್ಷಣಕ್ಕಾಗಿಯೇ ಕಾದಿದ್ದು. ಎದ್ದು ಅವನ ಪಕ್ಕಕ್ಕೇ ಹೋಗಿ ನಿಂತೆ.

ಅವನು ಹೋಳನ್ನು ಕಚ್ಚಿದ. ಕರುಮ್ ಎಂದಿತು. ತನಗೆ ತಾನೇ ಹೇಳಿಕೊಂಡ, "ಹೊರಗೆ ಚೆನ್ನಾಗಿದೆ. ಒಳಗೆ ಬೆಂದಿಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಹೇಳು! ಇನ್ನೊಂದ್ಸಲ ಹೇಳು! ಅದೇ ಮಾತು, ಅದೇ ದನಿ!"

"ಯಾವ ಮಾತು?"

"ನನ್ನ ಬಗ್ಗೆ ದೊಡ್ಡಮ್ಮನ ಹತ್ರ ಹೇಳಿದ್ಯಲ್ಲ, ಹೋದ ವರ್ಷ! ಇವತ್ತಿಗೂ ಎಲ್ರೂ ನನ್ನ ಬೇಯದ ಗಡ್ಡೆ ಅಂತಾರೆ, ಗೊತ್ತಾ ನಿಂಗೆ?"

ಗಡ್ಡೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಇಬ್ಬರು ಡಾಕ್ಟರುಗಳು ಗಾಬರಿಯಿಂದ ತಿರುಗಿ ನೋಡಿದರು.

ಅವನು ಬಾಯಲ್ಲಿದ್ದ ಹಸಿ ತುಂಡನ್ನು ಅಗಿಯುವುದನ್ನೂ ಮರೆತ. "ನಿಮ್ಮ ಬಗ್ಗೆ? ನಿಮ್ಮ ದೊಡ್ಡಮ್ಮ ಬಂದು 'ಹೇಗಿದೆಯಪ್ಪಾ ನಮ್ದು, ಹಿಡಿಸ್ತಾ?' ಅಂದ್ರು. ನನ್ನ ತಟ್ಟೇಲಿ ನೀವು ಹಾಕಿದ ಗಡ್ಡೆ ಇತ್ತು. ಹುಡುಗಿ ಬಗ್ಗೆ ಕೇಳೋದಾದ್ರೆ ಹೇಗಿದ್ದಾಳೆ ಅಂತಾರೆ, ಹೇಗಿದೆ ಅಂತಾರಾ ಯಾರಾದ್ರೂ?"

ದೊಡ್ಡಮ್ಮನ ಬಾಯಿ ನನಗೆ ನೆನಪಾಯಿತು. ಅದು ಬಂತಾ, ಅದು ಉಂಡಿತಾ. ನಮ್ದು ಹೇಗಿದೆ.

"ಆಮೇಲೆ ಹುಡುಗಿಗೆ ಇಷ್ಟ ಇಲ್ಲ ಅಂತ ಫೋನ್ ಬಂತು," ಎಂದ. "ನಾನೂ ಸಿಟ್ಟು ಮಾಡ್ಕೊಂಡೆ. ಕರ್ಚೀಫಾದ್ರೂ ವಾಪಸ್ ಕೊಡಬಾರದಾ ಅಂದ್ಕೊಂಡೆ."

ಕರ್ಚೀಫು ನನ್ನ ಬೀರುವಿನಲ್ಲಿದೆ. ಸುಡಬೇಕೆಂದೇ ಇಟ್ಟುಕೊಂಡಿದ್ದೆ, ಸುಟ್ಟಿರಲಿಲ್ಲ.

"ಮುಚ್ಚಳ ಮುಟ್ಟಿ ನೋಡ್ದೆ ನೀನು," ಎಂದೆ. "ಬಿಸಿ ಸಾಲದು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಆದ್ರೆ ಮೀಟರ್ ಸರಿ ಮಾಡಿದ್ದು ನೀವು. ನನ್ನ ಕೈನೇ ತಪ್ಪು ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ. "ನಟ್ಟು ತಿರುಗಿಸಿದ್ದು ನಾನೇ," ಎಂದುಬಿಟ್ಟೆ. "ಬೇಕಂತಲೇ."

ಅವನು ನನ್ನನ್ನು ನೋಡಿದ. ಡ್ರಮ್ಮನ್ನು ನೋಡಿದ. ಊಟಕ್ಕೆ ಬರುತ್ತಿದ್ದ ಜನರನ್ನು ನೋಡಿದ. ಗಂಟುಮೂಟೆ ಕಟ್ಟುವವನ ಮುಖವಾಗಿತ್ತು ಅದು.

ಹೋಗಲಿ ಎಂದು ಬಿಡಲು ನನ್ನಿಂದಾಗಲಿಲ್ಲ. ಓಡಿಹೋಗಿ ಮೈಕನ್ನು ಹಿರಿಯ ಡಾಕ್ಟರ ಕೈಗೆ ಕೊಟ್ಟೆ. "ಸರ್, ಊಟಕ್ಕೆ ಮುಂಚೆ ದೊಡ್ಡಮ್ಮನ ಬಗ್ಗೆ ನಾಲ್ಕು ಮಾತು." ಅವರ ನಾಲ್ಕು ಮಾತು ಎಂಥದ್ದೆಂದು ಆಸ್ಪತ್ರೆಗೆಲ್ಲ ಗೊತ್ತು. ಜನ ನಿಟ್ಟುಸಿರಿಟ್ಟು ಮತ್ತೆ ಕುಳಿತರು.

"ಎಲ್ಲಾನೂ ಉದ್ದಕ್ಕೆ ಎರಡು ಹೋಳು ಮಾಡು," ಎಂದೆ, ಅವನ ಬಳಿಗೆ ವಾಪಸ್ ಓಡಿ ಬಂದು. ಗಾಳಿಯ ಕಿಂಡಿಗಳನ್ನೆಲ್ಲ ತೆರೆದೆ, ಉಳಿದ ಇದ್ದಿಲನ್ನೆಲ್ಲ ಸುರಿದು ರಟ್ಟಿನಿಂದ ಬೀಸಿದೆ. ಕೆಂಡ ನಿಗಿನಿಗಿ ಎಂದಿತು. ಕೊಯ್ದ ಮುಖಕ್ಕೆ ಎಣ್ಣೆ ಸವರಿ, ಮುಖ ಕೆಳಗೆ ಮಾಡಿ, ನೇರ ಬೆಂಕಿಯ ಮೇಲಿನ ಜಾಲರಿಗೆ ಜೋಡಿಸಿದೆವು. ಅವನು ಇಕ್ಕಳದಲ್ಲಿ ತಿರುವಿದ, ನಾನು ಬೀಸಿದೆ. ಮೊಣಕೈಗೆ ಮೊಣಕೈ ತಾಗುತ್ತಿತ್ತು, ಇಬ್ಬರೂ ಸರಿಯಲಿಲ್ಲ. ಮೈಕಿನಲ್ಲಿ ಡಾಕ್ಟರು ತಮ್ಮ ಕಾಲೇಜಿನ ದಿನಗಳಿಗೆ ಹೋಗಿದ್ದರು.

"ಇಷ್ಟೊಂದು ದ್ವೇಷಾನಾ ನನ್ನ ಮೇಲೆ?" ಎಂದ, ತಗ್ಗಿದ ದನಿಯಲ್ಲಿ.

"ಇಷ್ಟ ಇಲ್ದೇ ಇರೋರ ಮೇಲೆ ಯಾರಾದ್ರೂ ಇಷ್ಟು ದಿನ ಸಿಟ್ಟು ಇಟ್ಕೊಳ್ತಾರಾ? ದಡ್ಡ."

ಇಕ್ಕಳ ಅವನ ಕೈಯಿಂದ ಜಾರಿತು. ಎತ್ತಿಕೊಟ್ಟೆ.

ಚಪ್ಪಾಳೆ ಬೀಳುವ ಹೊತ್ತಿಗೆ ಹೋಳುಗಳ ಮುಖ ಗರಿಗರಿ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಒತ್ತಿದರೆ ಒಳಗೆ ಹತ್ತಿಯಂತೆ ಮೆತ್ತಗೆ. ಬೆಣ್ಣೆ ಬಿದ್ದ ಕಡೆ ಹಾಗೇ ಇಳಿಯಿತು. ಎರಡನೇ ಸಲ ಬಡಿಸಿಕೊಳ್ಳಲು ಬಂದವರ ಸಾಲೇ ಮೊದಲಿನದಕ್ಕಿಂತ ಉದ್ದವಾಗಿತ್ತು. ಹಿರಿಯ ಡಾಕ್ಟರು ಬಾಯಿ ತುಂಬಿಕೊಂಡೇ ಕ್ಯಾಂಟೀನಿನ ಮಾತು ಎತ್ತಿದರು.

ಕೊನೆಗೆ ದೊಡ್ಡಮ್ಮ ತಟ್ಟೆ ಹಿಡಿದು ಡ್ರಮ್ಮಿನ ಬಳಿ ಬಂದರು. ನಮ್ಮಿಬ್ಬರ ಮಸಿ ಮೆತ್ತಿದ ಮುಖವನ್ನು ಒಂದಾದ ಮೇಲೊಂದು ನೋಡಿದರು.

"ಏನಪ್ಪಾ," ಎಂದರು ಬಿಗಿಯಾಗಿ, "ಈ ಸಲ ಹೇಗಿದೆ ನಮ್ದು?"

ಅವನು ಇಕ್ಕಳ ಕೆಳಗಿಟ್ಟು ಕೈಮುಗಿದ. "ದೊಡ್ಡಮ್ಮ, ದಯವಿಟ್ಟು ಬಿಡಿಸಿ ಕೇಳಿ. ಗಡ್ಡೇನಾ, ಹುಡುಗೀನಾ?"

ದೊಡ್ಡಮ್ಮನ ಕೈ ತಟ್ಟೆಯ ಮೇಲೆ ನಿಂತಿತು. ಅವರ ಕಣ್ಣು ನಿಧಾನವಾಗಿ ದೊಡ್ಡದಾಗುವುದನ್ನು ನಾನು ಸಾವಕಾಶವಾಗಿ ಸವಿದೆ. ಅವರ ಪಾಲಿನ ಬಿಸಿ ಮುಟ್ಟಿತ್ತು.

"ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ," ಎಂದರು. "ಹುಡುಗಿ ಕಣಪ್ಪಾ! ಆವತ್ತೂ ಹುಡುಗೀನೇ!"

"ಹುಡುಗಿ ಒಳಗೂ ಹೊರಗೂ ಬರೀ ಬೆಂಕಿ," ಎಂದ ಅವನು. "ಇನ್ನು ಬೇಯಬೇಕಾಗಿರೋನು ನಾನೇ. ಹೇಳಿ, ಕೊಡ್ತೀರಾ?"

ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹೊಗೆಯ ಮೇಲೆ ತಪ್ಪು ಹೊರಿಸಿ, "ಅದನ್ನೇ ಕೇಳು," ಎಂದು ಹೊರಟುಹೋದರು.

ಜನ ಕರಗಿದ ಮೇಲೆ ಅವನು ಮುಚ್ಚಳದಿಂದ ಮೀಟರ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ. ಉಪ್ಪು, ಎಣ್ಣೆ, ಮಸಿ, ಎಲ್ಲವೂ ಇತ್ತು ಆ ಕೈಯಲ್ಲಿ.

"ಈಗಾದ್ರೂ ಸರಿ ಮಾಡಿಕೊಡ್ತೀಯಾ?"

"ಇಲ್ಲ," ಎಂದೆ. ಮೀಟರನ್ನು ಜೇಬಿಗೆ ಹಾಕಿಕೊಂಡೆ. ಒಂದು ವರ್ಷದ ಮುಯ್ಯಿ ಒಂದೇ ದಿನಕ್ಕೆ ತೀರಿಬಿಡುತ್ತದೆಯೇ? "ಇನ್ಮೇಲೆ ಬೆಂದಿದೆಯೋ ಇಲ್ವೋ ಅಂತ ದಿನಾ ನನ್ನನ್ನೇ ಕೇಳಬೇಕು."