ತೋಪಿನ ಹನ್ನೆರಡನೇ ಚಿತ್ರ

ಬೆಳಗ್ಗೆ ಒಂಬತ್ತಕ್ಕೆ ಗಂಗರತ್ನಮ್ಮ ಊರಿನ ಜಾಲತಾಣ ತೆರೆದು ನೋಡಿದರೆ ಜಕ್ಕೂರಿನ ಹಳೆಯ ಗುಂಡುತೋಪು ಮಾಯವಾಗಿತ್ತು. ಮರಗಳ ಚಿತ್ರಗಳಿದ್ದ ಕಡೆ ಬೂದು ಬಣ್ಣದ ಖಾಲಿ ಚೌಕಗಳು. ಎಣಿಸಿದರು. ಹನ್ನೊಂದು.

"ಇಂದು, ಗ್ಯಾಲರಿ ಕೆಟ್ಟೋಗಿದೆ ಕಣಮ್ಮ. ಬೇಗ ಬಾ," ಎಂದು ಫೋನ್ ಮಾಡಿದರು.

ಸಹಕಾರನಗರದ ಮನೆಯಲ್ಲಿ ಇಂದು ಆಗಷ್ಟೇ ಕಾಫಿ ಲೋಟ ಎತ್ತಿಕೊಂಡಿದ್ದಳು. ಕೆಟ್ಟ ಜಾಲತಾಣಗಳನ್ನು ಸರಿಮಾಡುವುದು ಹದಿನಾರು ವರ್ಷದಿಂದ ಅವಳ ಕೆಲಸ. ಸರಿಯಾಗಿದ್ದಾಗ ಯಾರೂ ಅವಳನ್ನು ನೆನೆಯುವುದಿಲ್ಲ. ಅದಕ್ಕೇ ಅವಳಿಗೆ ಫೋನ್ ಎಂದರೆ ಬೇಸರ. ಆದರೂ ಹೊರಟಳು. ಗಂಗರತ್ನಮ್ಮ ಅವಳಿಗೆ ಅಕ್ಷರ ಕಲಿಸಿದ ಟೀಚರು.

* * *

ಗ್ರಾಮ ಸಂಘದ ಕೋಣೆಯಲ್ಲಿ ಒಂದು ಮುದಿ ಕಂಪ್ಯೂಟರು. ಪಕ್ಕದ ಗೋಡೆಯ ಕ್ಯಾಲೆಂಡರಿನ ಮೇಲೆ ಪಾಸ್‌ವರ್ಡು ಬರೆದ ಚೀಟಿ. ಇಂದು ಅದನ್ನು ನೋಡಿ ಹಣೆ ಚಚ್ಚಿಕೊಂಡಳು.

"ನಾಳೆ ಹನ್ನೊಂದಕ್ಕೆ ಯಲಹಂಕದ ತಾಲ್ಲೂಕು ಆಫೀಸಲ್ಲಿ ವಿಚಾರಣೆ," ಎಂದರು ಗಂಗರತ್ನಮ್ಮ. "ತೋಪು ಇತ್ತು ಅಂತ ತೋರಿಸ್ಬೇಕು. ಇಲ್ದಿದ್ರೆ ಆ ಬಿಲ್ಡರ್ ಶರತ್ ಅಲ್ಲಿ ಅಪಾರ್ಟ್‌ಮೆಂಟ್ ಏಳಿಸ್ತಾನೆ. ಹಳೇ ಫೋಟೊಗಳೆಲ್ಲ ಹೋದ ವರ್ಷ ನಮ್ಮನೆಗೆ ನೀರು ನುಗ್ಗಿದಾಗ ಮುದ್ದೆಯಾದ್ವು. ಉಳಿದಿದ್ದು ಈ ಜಾಲತಾಣ ಒಂದೇ."

"ಬ್ಯಾಕಪ್?"

"ಅಂದ್ರೆ?"

ಇಂದು ಕೀಬೋರ್ಡಿನ ಧೂಳು ಒರೆಸಿದಳು.

ಸಂಘದ ಕಾರ್ಯದರ್ಶಿ ಮುನಿಕೃಷ್ಣಪ್ಪ ಡಬ್ಬಿ ಹಿಡಿದು ಒಳಬಂದರು. "ತಕೊಳಮ್ಮ, ವಡೆ. ಪಿತೃಪಕ್ಷ ಅಲ್ವಾ, ನೆನ್ನೆ ಅಮ್ಮಂಗೆ ಎಡೆ ಇಕ್ಕಿದ್ವಿ. ಆ ಪ್ಲಗಿನ್ನೋ ಗಿಗಿನ್ನೋ ಕೆಟ್ಟಿರ್ಬೇಕು. ಅಂಗೇ ಆಯ್ತದೆ."

ವಡೆ ಚೆನ್ನಾಗಿತ್ತು. ಇಂದು ತಿನ್ನುತ್ತಲೇ ಕೆಲಸ ಶುರುಮಾಡಿದಳು. ಪ್ಲಗಿನ್ ಎಂದರೆ ಚಿತ್ರಗಳನ್ನು ಸಾಲಾಗಿ ಜೋಡಿಸಿ ತೋರಿಸುವ ಸಣ್ಣ ತಂತ್ರಾಂಶ. ಅದನ್ನು ನಿಲ್ಲಿಸಿ ಮತ್ತೆ ಓಡಿಸಿದಳು. ಮಿಕ್ಕ ಪ್ಲಗಿನ್‌ಗಳನ್ನೂ ಒಂದೊಂದಾಗಿ ನಿಲ್ಲಿಸಿ ನೋಡಿದಳು. ಹಳೆಯ ಆವೃತ್ತಿ ಹಾಕಿದಳು. ಮಧ್ಯಾಹ್ನವಾಯಿತು, ಬೆನ್ನು ಹಿಡಿದುಕೊಂಡಿತು. ಖಾಲಿ ಚೌಕಗಳು ಜಪ್ಪಯ್ಯ ಅಂದರೂ ಕದಲಲಿಲ್ಲ.

"ಟೀಚರ್, ಪ್ಲಗಿನ್ ಕೆಟ್ಟಿದ್ರೆ ಗ್ಯಾಲರಿಲಿರೋ ಇನ್ನೂರು ಚಿತ್ರಾನೂ ಹೋಗ್ಬೇಕಿತ್ತು. ಮದುವೆ, ಶಾಲೆ, ಕೆರೆ ಎಲ್ಲ ಇವೆ. ತೋಪು ಮಾತ್ರ ಇಲ್ಲ. ಇದು ಕೆಟ್ಟಿದ್ದಲ್ಲ. ಯಾರೋ ಅಳಿಸಿದ್ದಾರೆ."

"ಆ ಶರತ್ತೇ!" ಗಂಗರತ್ನಮ್ಮ ಎದ್ದೇಬಿಟ್ಟರು.

* * *

ಶರತ್ ಏರೋಡ್ರೋಮ್ ಪಕ್ಕದ ತನ್ನ ಸೈಟ್ ಆಫೀಸಿನಲ್ಲಿದ್ದ. ಗಂಗರತ್ನಮ್ಮನವರ ಬೈಗುಳ ಪೂರ್ತಿ ಕೇಳಿಸಿಕೊಂಡು ಎಳನೀರು ತರಿಸಿದ.

"ಮೇಡಂ, ತೋಪಿನ ಜಾಗ ನನಗೆ ಬೇಕು, ಸುಳ್ಳು ಯಾಕ್ ಹೇಳ್ಲಿ? ಆದ್ರೆ ಅಳಿಸೋ ಹಂಗಿದ್ರೆ ಇಡೀ ವೆಬ್‌ಸೈಟನ್ನೇ ಎಗರಿಸ್ತಿದ್ದೆ. ಒಂದೊಂದೇ ಆರಿಸ್ಕೊಂಡು ಕೂರೋಷ್ಟು ತಾಳ್ಮೆ ನಂಗೆಲ್ಲಿದೆ ಹೇಳಿ?"

ಆ ಮನುಷ್ಯನನ್ನು ನಂಬಲು ಇಂದುವಿಗೆ ಮನಸ್ಸಿರಲಿಲ್ಲ. ಆದರೆ ಮಾತು ಸರಿಯಿತ್ತು. ಆರಿಸಿದವರು ಆ ಚಿತ್ರಗಳನ್ನು ಬಲ್ಲವರು.

ವಾಪಸು ಬರುವಾಗ ಕೇಳಿದಳು, "ತೋಪಿನವು ಒಟ್ಟು ಎಷ್ಟಿದ್ವು?"

"ಹನ್ನೆರಡು."

ಇಂದು ಸ್ಕೂಟರ್ ನಿಲ್ಲಿಸಿದಳು. "ಹೋಗಿದ್ದು ಹನ್ನೊಂದು."

* * *

ಹನ್ನೆರಡನೆಯದು ಪರದೆಯ ಮೇಲೆ ಹಾಗೇ ಇತ್ತು. ಒಬ್ಬ ಮುದುಕಿ, ಕೈಯಲ್ಲಿ ನೀರಿನ ಚೊಂಬು, ಬಾಯ್ತುಂಬ ನಗು.

"ಇದ್ಯಾಕೆ ಹಿಂಗಿದೆ?" ಗಂಗರತ್ನಮ್ಮ ಕನ್ನಡಕ ಸರಿಮಾಡಿಕೊಂಡರು. "ಅರವಟ್ಟಿಗೆ ಮುನಿಕೆಂಪಮ್ಮ. ಬೇಸಿಗೇಲಿ ತೋಪಲ್ಲಿ ಕೂತು ದಾರಿಹೋಕರಿಗೆಲ್ಲ ನೀರು ಕೊಡೋಳು. ಹಿಂದೆ ಮರಗಳಿದ್ವಲ್ಲ?"

"ಸುತ್ತ ಕತ್ತರಿಸಿದ್ದಾರೆ. ಮುಖ ಉಳಿಸಿ." ಇಂದು ಮೆಲ್ಲಗೆ ಕೇಳಿದಳು, "ಇವರಿಗೆ ಮಕ್ಕಳು?"

ಗಂಗರತ್ನಮ್ಮ ತಿರುಗಿ ಬಾಗಿಲ ಬಳಿ ನಿಂತಿದ್ದ ಮುನಿಕೃಷ್ಣಪ್ಪನವರತ್ತ ನೋಡಿದರು. ಮೇಜಿನ ಮೇಲೆ ವಡೆಯ ಡಬ್ಬಿ ಇನ್ನೂ ಇತ್ತು.

"ಹೊರಗಿನವರಾಗಿದ್ರೆ ಹನ್ನೆರಡನ್ನೂ ಅಳಿಸ್ತಿದ್ರು, ಸರ್," ಎಂದಳು ಇಂದು. ಗೆದ್ದ ಖುಷಿ ಅವಳ ದನಿಯಲ್ಲಿರಲಿಲ್ಲ. "ಪಕ್ಷದಲ್ಲಿ ಎಡೆ ಇಟ್ಟ ಕೈಯಲ್ಲಿ ಅಮ್ಮನ ಫೋಟೊ ಅಳಿಸೋಕಾಗುತ್ತಾ? ಅದಕ್ಕೇ ಕತ್ತರಿಸಿದ್ರಿ. ಆದ್ರೆ ಅಳಿಸಿದ್ದು ಹೋಗುತ್ತೆ, ಕತ್ತರಿಸಿದ್ದು ಹೋಗಲ್ಲ. ಮೂಲ ಚಿತ್ರಾನ ಜಾಲತಾಣ ತಾನೇ ಎತ್ತಿಟ್ಟಿರುತ್ತೆ."

ಒಂದು ಗುಂಡಿ ಒತ್ತಿದಳು. ಮುದುಕಿಯ ಸುತ್ತ ಮಾವು, ಹೊಂಗೆ, ಹುಣಸೆ ಎಲ್ಲ ಮರಳಿ ಬಂದವು. ಎಡಗಡೆ ಸರ್ವೆಯ ಗಡಿಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು.

"ಆ ಕಲ್ಲಿನಿಂದ ಈಚೆಗೆ, ತೋಪಿನ ಜಾಗದಲ್ಲೇ, ನಿಮ್ಮನೆ ಹಿಂಭಾಗ ಇದೆಯಲ್ವಾ ಕೃಷ್ಣಪ್ಪ?" ಎಂದರು ಗಂಗರತ್ನಮ್ಮ.

ಮುನಿಕೃಷ್ಣಪ್ಪ ಒಳಬಂದು ಕುರ್ಚಿಯಲ್ಲಿ ಕೂತರು. "ಎಲ್ಡು ಕೋಣೆ, ಟೀಚರ್. ನನ್ ಮಗ್ಳು ಇರೋದು ಅಲ್ಲೇ. ಅಳತೆ ಆದ್ರೆ ಒಡ್ದಾಕ್ತಾರೆ. ಶರತ್ತು ಗೆದ್ರೆ ನಮ್ ತಂಟೆಗೆ ಬರಾಕಿಲ್ಲ ಅಂದಿದ್ದ." ಪರದೆಯತ್ತ ತಿರುಗಿದರು. "ಈ ಪಟದಾಗೆ ಬಿಟ್ರೆ ಅಮ್ಮನ್ನ ಇನ್ನೆಲ್ಲೂ ನಗ್ತಾ ನೋಡಿಲ್ಲ ನಾನು."

ಇಂದುವಿಗೆ ಮನೆಗೆ ಹೋಗಿ ಮಲಗಬೇಕೆನಿಸಿತು. ಆ ಎರಡು ಕೋಣೆಗಳ ಬಗ್ಗೆ ಅವಳಿಗೆ ನಿಜಕ್ಕೂ ಸಂಕಟವಾಯಿತು. ಆದರೂ ಚಿತ್ರವನ್ನು ಪ್ರಿಂಟಿಗೆ ಕೊಟ್ಟಳು, ಪಾಸ್‌ವರ್ಡು ಬದಲಿಸಿದಳು, ಕ್ಯಾಲೆಂಡರಿನ ಚೀಟಿ ಹರಿದಳು.

ಗಂಗರತ್ನಮ್ಮ ಪ್ರಿಂಟಿನ ಹಿಂಬದಿಗೆ ಪೆನ್ನು ಹಿಡಿದರು. "ಚಿತ್ರ ಕೊಟ್ಟವರು ಯಾರು ಅಂತ ನಾಳೆ ಕೇಳ್ತಾರೆ. ಏನು ಬರೀಲಿ?"

ಮುನಿಕೃಷ್ಣಪ್ಪ ಕಣ್ಣೊರೆಸಿಕೊಂಡು ಎದ್ದರು.

"ಮುನಿಕೆಂಪಮ್ಮನ ಮಗ ಅಂತ ಬರೀರಿ. ನಾಳೆ ನಾನೇ ಬಂದು ನಿಜ ಏಳ್ತೀನಿ."