ಗ್ರಂಥಾಲಯದ ಗೋಡೆಗೆ ಬರೆದ ಸಾಲು

"ಹಣಮವ್ವ, ಈ ಗ್ರಂಥಾಲಯದ ಕಟ್ಟಡ ಮೊದಲ ಏನಿತ್ತಬೇ?" ಎಂದು ಸೂರ್ಯಕಾಂತ ಕೇಳಿದಾಗ, ಬಣ್ಣದ ಬ್ರಶ್ ಹಿಡಿದು ಅದರ ಇತಿಹಾಸ ಗೋಡೆಗೆ ಬರೆಯಲು ನಿಂತಿದ್ದ ಸುನಿತಾ ಕೈ ಇಳಿಸಿದಳು.

ಮುದುಕಿ ಒಮ್ಮೆ ಸುನಿತಾಳ ಮುಖ ನೋಡಿದಳು. "ಜ್ವಾಳದ ಗೋದಾಮ ಇತ್ತಪ. ಹೌದಿಲ್ಲ, ಸುನೀ?" ಎಂದವಳೇ ಸೆರಗು ಕೊಡವಿ ಎದ್ದು ಹೋದಳು.

ಮಣ್ಣೂರಿನಲ್ಲಿ ಇದನ್ನೇ ಹೇಳಿದವರಲ್ಲಿ ಅವಳು ನಾಲ್ಕನೆಯವಳು. ಸುನಿತಾಳ ಮರ್ಯಾದೆ ಉಳಿಸಲು ಊರೇ ಸುಳ್ಳು ಹೇಳುತ್ತಿತ್ತು. ಆ ಕರುಣೆಯೇ ಅವಳನ್ನು ಚುಚ್ಚುತ್ತಿತ್ತು. ಭೀಮಾ ನದಿ ದಾಟಿ ದೋಣಿಯಿಂದ ಇಳಿಯುವ ದಂಡೆಯ ಈ ಕಟ್ಟಡ, ಸರಕಾರ ಸಾರಾಯಿ ಬಂದ್ ಮಾಡುವವರೆಗೂ ಅವಳಪ್ಪ ಕಲ್ಲಿನಾಥನ ಸಾರಾಯಿ ಅಂಗಡಿಯಾಗಿತ್ತು.

ಸೂರ್ಯಕಾಂತ ಅತನೂರಿನವನು, ಎಂಟು ತಿಂಗಳಿಂದ ಇಲ್ಲಿ ಗ್ರಂಥಪಾಲಕ. ಓದುತ್ತ ಕುಳಿತ ಸುನಿತಾ ಪೇಪರಿನ ಅಂಚಿನಿಂದ ಕಣ್ಣೆತ್ತಿದರೆ, ಅವನ ಕಣ್ಣು ಆಗಲೇ ಅಲ್ಲಿರುತ್ತಿತ್ತು. ಸಿಕ್ಕಿಬಿದ್ದವನಂತೆ ಸುಮ್ಮನೆ ಸೀಲಿಗೆ ಶಾಯಿ ಹಚ್ಚತೊಡಗುತ್ತಿದ್ದ. ನಾಳೆ ಅವನ ಅವ್ವ ಮದುವೆಗೆ ಸುನಿತಾಳನ್ನು ನೋಡಲು ಬರುವವಳಿದ್ದಳು.

"ನಿಮ್ಮ ಅಕ್ಷರ ಮುತ್ತಿನಂಗ ಅದಾವ್ರಿ. ಗೋದಾಮ ಇತ್ತಂತ ಗ್ವಾಡಿಗೆ ಬರದಬಿಡ್ರಿ. ನಾ ಚಾ ತರ್ತೇನಿ," ಎಂದ ಸೂರ್ಯಕಾಂತ.

ಬೇರೆ ದಿನವಾಗಿದ್ದರೆ, "ಬರೇ ಅಕ್ಷರ ಅಷ್ಟ ಚಂದ ಅದಾವೇನ್ರಿ?" ಎಂದು ಕಾಡುತ್ತಿದ್ದಳು. ಇಂದು ಅವಳ ಕಣ್ಣು ಗೋಡೆಯತ್ತ ಹೋಯಿತು.

ಬಾಗಿಲ ಪಕ್ಕ ಏಳು ತುಕ್ಕು ಮೊಳೆ. ವಿಠ್ಠಲನ ಹೆಸರಲ್ಲಿ ತುಳಸಿಮಣಿಯ ಸರ, ಅಂದರೆ ಮಾಳ, ಹಾಕಿಕೊಂಡ ಭಕ್ತರು ಕುಡಿಯುವಂತಿಲ್ಲ. ಅಂಥವರು ಮಾಳ ತೆಗೆದು ಇಲ್ಲಿ ನೇತುಹಾಕಿ, ಕುಡಿದು, ಹೋಗುವಾಗ ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. "ನಮ್ಮ ಅಂಗಡ್ಯಾಗ ದೇವರಿಗಿ ಮೈಲಿಗಿ ಆಗಂಗಿಲ್ಲ," ಎಂದು ಅಪ್ಪ ಹೆಮ್ಮೆಯಿಂದ ಬಡಿದ ಮೊಳೆಗಳವು.

ಸುನಿತಾ ಬ್ರಶ್ ಅದ್ದಿದಳು.

'ಇದು ಕಲ್ಲಿನಾಥನ ಸಾರಾಯಿ ಅಂಗಡಿ. ನಾನು ಅವನ ಮಗಳು.'

ಚಹಾ ತಂದ ಸೂರ್ಯಕಾಂತ ಅದನ್ನು ಓದಿ, ಕಪ್ಪುಗಳನ್ನು ಕೆಳಗಿಟ್ಟ.

"ನನಗ ಗೊತ್ತಿತ್ರಿ," ಅಂದ.

"ಯಾವಾಗಿಂದ?"

"ಬಂದ ದಿನದಿಂದ. ಮೆಂಬರ್ ರಜಿಸ್ಟರದಾಗ ನಿಮ್ಮಪ್ಪನ ಹೆಸರಿತ್ತು. ಆ ಮೂರನೇ ಮೊಳಿ ನಮ್ಮಪ್ಪ ದೌಲತರಾಯಂದು. ಒಂದಿನ ಮಾಳ ಇಲ್ಲೇ ಮರತ ಬಂದಿದ್ದ. ಅವ್ವ ಅಳಕೋತ ಬಂದು ತಗೊಂಡ ಹೋದಳು. ನಾ ಅಕಿ ಸೆರಗ ಹಿಡಕೊಂಡಿದ್ದೆ."

ಸುನಿತಾಳ ತಲೆ ತಗ್ಗಿತು. "ಮತ್ತ ಎಲ್ಲಾರನೂ ನನ್ನ ಮುಂದ ಯಾಕ ಕೇಳಿದ್ರಿ?"

"ನೀವ ಮೊದಲ ಹೇಳ್ಲಿ ಅಂತ. ನಾ ಹೇಳಬೇಕಂದ್ರ ಅಪ್ಪನ ಹೆಸರು ತಗೀಬೇಕಾಗ್ತಿತ್ತು. ಧೈರ್ಯ ಸಾಲಲಿಲ್ಲ. ತಪ್ಪು ನಂದ್ರಿ."

ಬ್ರಶ್ ಇಸಿದುಕೊಂಡು ಅವಳ ಸಾಲಿನ ಕೆಳಗೆ ಬರೆದ: 'ಅತನೂರಿನ ದೌಲತರಾಯ ಇಲ್ಲಿ ಕುಡಿಯುತ್ತಿದ್ದ. ನಾನು ಅವನ ಮಗ.'

"ಕಾಗಿ ಕಾಲಿನಂಥ ಅಕ್ಷರ," ಎಂದು ನಗಲು ಹೋದಳು, ಕಣ್ಣು ತುಂಬಿತು. "ನಾ ಅವನ ಮಗಳಂತ ನಾಳೆ ನಿಮ್ಮವ್ವ ಇದನ್ನ ಓದಿ ಹೊಳ್ಳಿ ಹ್ವಾದ್ರ?"

"ಅಕಿಗಿ ಓದಾಕ ಬರಂಗಿಲ್ರಿ. ಯಾರರ ಓದಿ ಹೇಳಬೇಕು."

ಸುನಿತಾ ಅವನ ಕೈಯಿಂದ ಬ್ರಶ್ ತೆಗೆದು ಡಬ್ಬಿಯಲ್ಲಿಟ್ಟಳು.

"ನಾನ ಓದಿ ಹೇಳ್ತೇನ್ರಿ," ಅಂದಳು. "ಆದ್ರ ನೀವು ನನ್ನ ಬಾಜೂಕ ನಿಂದರಬೇಕು."